ಹಳೆ ಜೀಪಿಗೆ ಹೊಸ ಡೀಸೆಲ್ ಎಂಜಿನ್: ಸಿಗುವುದೇನು, ಕೇಳುವುದೇನು?

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಮೂವತ್ತು ನಲವತ್ತು ವರ್ಷದ ಮಹೀಂದ್ರ ಜೀಪುಗಳು ಇನ್ನೂ ದುಡಿಯುತ್ತಿವೆ. ಗೊಬ್ಬರದ ಮೂಟೆ, ಕೊಯ್ದ ಹಣ್ಣು, ಕೆಲಸದವರು, ಮಳೆಗಾಲದ ನಡುರಾತ್ರಿ ಆಸ್ಪತ್ರೆಗೆ ಹೊರಟ ರೋಗಿ, ಎಲ್ಲವನ್ನೂ ಹೊರುವುದು ಅವೇ. ಕೊಡಚಾದ್ರಿ, ಮಾಂದಲಪಟ್ಟಿಯ ಕಡೆ ಪ್ರವಾಸಿಗರನ್ನು ಹತ್ತಿಸುವುದೂ ಇದೇ ತಳಿ. ಇಂಥ ಜೀಪು ಒಂದು ದಿನ ಹೊಗೆ ಕಾರತೊಡಗುತ್ತದೆ, ಆಯಿಲ್ ಕುಡಿಯತೊಡಗುತ್ತದೆ, 'ಪುಲ್ಲಿಂಗ್ ಇಲ್ಲ' ಎಂಬ ದೂರು ಶುರುವಾಗುತ್ತದೆ. ಆಗ ಮಾಲೀಕರ ಮುಂದೆ ಎರಡು ದಾರಿ. ಹಳೆ ಎಂಜಿನ್ನಿಗೇ ಕೆಲಸ ಮಾಡಿಸುವುದು ಒಂದು. ಗುಜರಿಯಿಂದ ಸ್ಕಾರ್ಪಿಯೊದ್ದೋ ಬೊಲೆರೊದ್ದೋ ಕಾಮನ್ ರೇಲ್ ಎಂಜಿನ್ ತಂದು ಕೂರಿಸುವುದು ಇನ್ನೊಂದು.

ಎರಡನೆಯ ದಾರಿಯ ಮೇಲೆ ಆಸೆ ಹುಟ್ಟುವುದು ಸಹಜ. ಕಬ್ಬಿಣದ ಗಟ್ಟಿ ಬಾಡಿ ಹಾಗೇ ಉಳಿಯುತ್ತದೆ, ಬಾನೆಟ್ಟಿನ ಕೆಳಗೆ ಮಾತ್ರ ಹೊಸ ಕಾಲ ಬರುತ್ತದೆ. ಆದರೆ ಈ ಕೆಲಸಕ್ಕೆ ಕೈ ಹಾಕುವವರಲ್ಲಿ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆಯೇ ತಪ್ಪು. 'ಯಾವ ಎಂಜಿನ್ ಕೂರುತ್ತದೆ?' ಎಂದು ಕೇಳುತ್ತಾರೆ. ಕೇಳಬೇಕಾದ್ದು 'ಈ ಜೀಪಿಗೆ ಈಗ ಯಾವುದು ಸಾಲುತ್ತಿಲ್ಲ?' ಎಂದು. ಲೆಕ್ಕ ಹಾಕಿ ನೋಡಿದರೆ ಹೊಸ ಎಂಜಿನ್ ಜೀಪಿಗೆ ಕೊಡುವುದು ಗುಡ್ಡ ಹತ್ತುವ ಶಕ್ತಿಯನ್ನಲ್ಲ, ವೇಗವನ್ನು. ವೇಗವನ್ನು ತಾಳುವ ಬ್ರೇಕು, ಸ್ಟೀರಿಂಗು, ಆಕ್ಸಲ್ಲು ಆ ಹಳೆ ಗಾಡಿಯಲ್ಲಿ ಇವೆಯೇ ಎಂಬುದು ಅಲ್ಲಿಂದ ಮುಂದಿನ ಮಾತು.

ಜೀಪಿನ ಎಂಜಿನ್ ಬದಲಾದದ್ದು ಇದೇ ಮೊದಲಲ್ಲ

ಎಂಜಿನ್ ಬದಲಿಸುವುದು ಜೀಪಿನ ಚರಿತ್ರೆಗೆ ಹೊಸದೇನಲ್ಲ. ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿಯ ಎಂಜಿನ್ ಗಿಡ್ಡಾಗಿತ್ತು. ಯುದ್ಧದ ನಂತರ ವಿಲ್ಲಿಸ್ ಕಂಪನಿ 'ಹರಿಕೇನ್' ಎಂಬ ಹೊಸ ಪೆಟ್ರೋಲ್ ಎಂಜಿನ್ ತಂದಾಗ ಅದರ ಎತ್ತರ ಹಳೆ ಬಾನೆಟ್ಟಿಗೆ ಹಿಡಿಸಲಿಲ್ಲ. ಕಂಪನಿ ಬಾನೆಟ್ಟನ್ನೇ ಎತ್ತರಿಸಿತು. ಹಾಗೆ ಹುಟ್ಟಿದ್ದು ಸಿಜೆ 3ಬಿ. ಮುಂಬೈಯ ಮಹೀಂದ್ರ ಕಂಪನಿ ದಶಕಗಟ್ಟಲೆ ತಯಾರಿಸಿದ, ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಕಂಡ, ಉಬ್ಬು ಹಣೆಯ ಜೀಪು ಅದೇ. ಒಂದು ಎಂಜಿನ್ನಿಗಾಗಿ ತಯಾರಕರೇ ಗಾಡಿಯ ಮುಖ ಬದಲಿಸಬೇಕಾಯಿತು ಎಂಬುದನ್ನು ನೆನಪಿನಲ್ಲಿಡಬೇಕು.

ಆಮೇಲೆ ಡೀಸೆಲ್ ಬಂತು. ಟ್ರಾಕ್ಟರ್ ತಯಾರಿಕೆಗಾಗಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಜೊತೆ ಮಹೀಂದ್ರಕ್ಕಿದ್ದ ನಂಟಿನಿಂದ ಬಂದ ಎಂಜಿನ್ ಮೊದಲು ಜೀಪಿಗೇರಿತು. 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿಯ ಎಕ್ಸ್‌ಡಿಪಿ 4.90 ಬಂತು. 2,112 ಸಿಸಿ, ಸುಮಾರು 62 ಅಶ್ವಶಕ್ತಿ. ಎಂಎಂ 540 ಜೀಪನ್ನು ಮಲೆನಾಡಿನ ಮನೆಮಾತಾಗಿಸಿದ್ದು ಈ ಎಂಜಿನ್. ನಂತರ 2,523 ಸಿಸಿಯ ಡಿಐ ಎಂಜಿನ್, ಕೊನೆಗೆ ಕಂಪ್ಯೂಟರ್ ನಿಯಂತ್ರಿತ ಕಾಮನ್ ರೇಲ್ ಎಂಜಿನ್ ಸಿಆರ್‌ಡಿಇ.

2010ರಲ್ಲಿ ಬಂದ ಥಾರ್ ಇಲ್ಲಿ ಒಳ್ಳೆಯ ಪಾಠ ಹೇಳುತ್ತದೆ. ಹೊರಗಿನಿಂದ ಒಂದೇ ಗಾಡಿ, ಒಳಗೆ ಎರಡು ಎಂಜಿನ್: 63 ಅಶ್ವಶಕ್ತಿಯ ಡಿಐ ಮತ್ತು 105 ಅಶ್ವಶಕ್ತಿಯ ಸಿಆರ್‌ಡಿಇ. ಡಿಐ ಥಾರ್‌ನ ಮುಂಭಾಗದಲ್ಲಿ ಹಳೆ ಜೀಪಿನ ಹಾಗೆ ಪ್ಲೇಟು ಕಟ್ಟಿದ ಗಟ್ಟಿ ಆಕ್ಸಲ್ ಇತ್ತು. ಸಿಆರ್‌ಡಿಇಯಲ್ಲಿ ಮುಂದಿನ ಎರಡು ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯುವ ಹೊಸ ಸಸ್ಪೆನ್ಷನ್ ಬಂತು. ತಯಾರಕರು ಎಂಜಿನ್ ಬದಲಿಸಿದಾಗ ಅದರ ಸುತ್ತಲಿನದ್ದನ್ನೂ ಬದಲಿಸುತ್ತಾರೆ. ಗ್ಯಾರೇಜಿನಲ್ಲಿ ಬಿಟ್ಟುಹೋಗುವುದು ಈ ಎರಡನೆಯ ಅರ್ಧ.

ಹೊಸ ಡೀಸೆಲ್‌ನಲ್ಲಿ ಹೊಸದೇನು?

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಬೇಡ. ಗಾಳಿಯನ್ನು ಜೋರಾಗಿ ಒತ್ತಿದಾಗ ಅದು ಕಾಯುತ್ತದೆ. ಆ ಬಿಸಿಗಾಳಿಗೆ ಡೀಸೆಲ್ ಸಿಂಪಡಿಸಿದರೆ ತಾನಾಗಿ ಉರಿಯುತ್ತದೆ. ಹಳೆಯದಕ್ಕೂ ಹೊಸದಕ್ಕೂ ಇದು ಸಮಾನ. ವ್ಯತ್ಯಾಸವಿರುವುದು ಸಿಂಪಡಿಸುವ ಬಗೆಯಲ್ಲಿ.

ಪ್ಯೂಜೊ ಎಂಜಿನ್ನಿನ ಕಾಲದಲ್ಲಿ ಈ ಕೆಲಸ ಪೂರ್ತಿ ಯಾಂತ್ರಿಕ. ಎಂಜಿನ್ ತಿರುಗಿದಂತೆ ಪಂಪ್ ತಿರುಗುತ್ತದೆ, ಒತ್ತಡ ಏರಿದಾಗ ನಾಜಲ್ ಬಾಯಿ ತೆರೆಯುತ್ತದೆ. ಸ್ಟಾರ್ಟ್ ಆದ ಮೇಲೆ ವಿದ್ಯುತ್ತಿನ ಅಗತ್ಯ ಇಲ್ಲವೆಂದೇ ಹೇಳಬೇಕು. ಬ್ಯಾಟರಿ ಕೈಕೊಟ್ಟರೂ ಇಳಿಜಾರಿನಲ್ಲಿ ತಳ್ಳಿ ಹೊರಡಿಸಬಹುದಾದದ್ದು ಇದರಿಂದಲೇ. ಕಾಮನ್ ರೇಲ್ ವ್ಯವಸ್ಥೆಯಲ್ಲಿ ಪಂಪಿನ ಕೆಲಸ ಒತ್ತಡ ಹುಟ್ಟಿಸುವುದಷ್ಟೆ. ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದ ಡೀಸೆಲ್ ಒಂದು ದಪ್ಪ ಕೊಳವೆಯಲ್ಲಿ ಸದಾ ಸಿದ್ಧವಾಗಿರುತ್ತದೆ. ಯಾವ ಸಿಲಿಂಡರಿಗೆ, ಯಾವ ಕ್ಷಣಕ್ಕೆ, ಎಷ್ಟು ಎಂಬುದನ್ನು ಇಸಿಯು ಎಂಬ ಪುಟ್ಟ ಕಂಪ್ಯೂಟರ್ ನಿರ್ಧರಿಸುತ್ತದೆ. ಪ್ರಯಾಣಿಕ ಕಾರಿನಲ್ಲಿ ಈ ವ್ಯವಸ್ಥೆ ಮೊದಲು ಮಾರುಕಟ್ಟೆಗೆ ಬಂದದ್ದು 1997ರಲ್ಲಿ, ಇಟಲಿಯ ಆಲ್ಫಾ ರೋಮಿಯೊ 156ರಲ್ಲಿ. ಇಂಧನ ಮಂಜಿನಷ್ಟು ನುಣ್ಣಗೆ ಬೀಳುವುದರಿಂದ ಹೊಗೆ ಕಡಿಮೆ, ಸದ್ದು ಕಡಿಮೆ, ಅದೇ ಗಾತ್ರದಿಂದ ಸಿಗುವ ಬಲ ಹೆಚ್ಚು. ಬಲ ಹೆಚ್ಚಿಸುವುದರಲ್ಲಿ ಟರ್ಬೊದ ಪಾಲೂ ದೊಡ್ಡದು.

ಎಂಜಿನ್ನಿನ ತಿರುಗಿಸುವ ಬಲಕ್ಕೆ ಟಾರ್ಕ್ ಎನ್ನುತ್ತೇವೆ. ಅದನ್ನು ಅಳೆಯುವುದು ನ್ಯೂಟನ್ ಮೀಟರಿನಲ್ಲಿ. ಪ್ಯೂಜೊ ಎಕ್ಸ್‌ಡಿಪಿಯ ಟಾರ್ಕ್ ಸುಮಾರು 120. ಥಾರ್ ಸಿಆರ್‌ಡಿಇಯದ್ದು 247. ಎರಡು ಪಟ್ಟಿಗಿಂತ ಹೆಚ್ಚು. ಈ ಒಂದು ಅಂಕಿ ನೋಡಿಯೇ ಹಲವರು ಮುಂಗಡ ಕೊಟ್ಟುಬಿಡುತ್ತಾರೆ.

ಗುಡ್ಡ ಹತ್ತಲು ಎಷ್ಟು ಬಲ ಬೇಕು?

ಇಲ್ಲಿ ಸ್ವಲ್ಪ ನಿಧಾನಿಸಿ ಲೆಕ್ಕ ಮಾಡೋಣ. ಎಂಜಿನ್ನಿನ ಟಾರ್ಕ್ ನೇರವಾಗಿ ಚಕ್ರಕ್ಕೆ ಹೋಗುವುದಿಲ್ಲ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಕ್ರೌನ್ ಪಿನಿಯನ್ ಮೂರರಲ್ಲೂ ಗುಣಿಸಲ್ಪಟ್ಟು ಹೋಗುತ್ತದೆ. ಹಳೆ ಜೀಪಿನ ಟ್ರಾನ್ಸ್‌ಫರ್ ಕೇಸಿನ ಲೋ ಅನುಪಾತ 2.46, ಸಿಜೆ 3ಬಿಯ ಕ್ರೌನ್ ಪಿನಿಯನ್ 5.38. ಲೆಕ್ಕ ಸುಲಭವಾಗಲೆಂದು ಮೊದಲ ಗೇರಿಗೆ 4, ಲೋಗೆ 2.5, ಕ್ರೌನ್ ಪಿನಿಯನ್ನಿಗೆ 5 ಎಂದು ಹಿಡಿಯೋಣ. ಗುಣಿಸಿದರೆ 50. ಪ್ಯೂಜೊ ಎಂಜಿನ್ನಿನ 120 ನ್ಯೂಟನ್ ಮೀಟರ್ ಚಕ್ರಗಳ ಬಳಿ 6,000 ಆಗುತ್ತದೆ. ದಾರಿಯಲ್ಲಿ ಉಜ್ಜಿಕೊಂಡು ಹೋಗುವುದನ್ನು ಕಳೆದರೂ 5,000 ಉಳಿಯುತ್ತದೆ.

ಬೇಕಾಗಿರುವುದು ಎಷ್ಟು? ಸಾಮಾನು ಸೇರಿ 1,600 ಕಿಲೊ ತೂಗುವ ಜೀಪು 25 ಡಿಗ್ರಿ ಏರನ್ನು ಹತ್ತುತ್ತಿದೆ ಎನ್ನೋಣ. ಕಾಲಿನಲ್ಲಿ ಹತ್ತುವವರಿಗೂ ಏದುಸಿರು ತರಿಸುವ ಏರು ಅದು. ಅಲ್ಲಿ ಜೀಪಿನ ಭಾರವನ್ನು ಎಳೆಯಲು ಚಕ್ರಗಳಲ್ಲಿ ಬೇಕಾದ ಟಾರ್ಕ್ ಸುಮಾರು 2,400. ಕಲ್ಲು, ಕೆಸರಿನ ಪ್ರತಿರೋಧ ಸೇರಿಸಿದರೂ ಹಳೆ ಎಂಜಿನ್ನಿನ ಕೈಯಲ್ಲಿ ಧಾರಾಳ ಉಳಿಯುತ್ತದೆ.

ಇನ್ನೊಂದು ಮಿತಿ ಟೈರಿನ ಹಿಡಿತದ್ದು. ಇದೇ ತೂಕದ ಜೀಪು ಸಮತಟ್ಟಾದ ಒಣ ನೆಲದಲ್ಲಿದ್ದರೂ ನಾಲ್ಕೂ ಟೈರುಗಳು ಸೇರಿ ಜಾರದೆ ನೆಲಕ್ಕೆ ದಾಟಿಸಬಲ್ಲದ್ದು ಹೆಚ್ಚೆಂದರೆ 4,500ರ ಆಸುಪಾಸು. ಜೂನ್ ಜುಲೈ ತಿಂಗಳ ಜೇಡಿಮಣ್ಣಿನಲ್ಲಿ ಅದರ ಅರ್ಧವೂ ಇಲ್ಲ. ಅಂದರೆ ಲೋ ಗೇರಿನಲ್ಲಿ 62 ಅಶ್ವಶಕ್ತಿಯ ಎಂಜಿನ್ನೇ ಟೈರು ತಾಳುವುದಕ್ಕಿಂತ ಹೆಚ್ಚು ಬಲ ಕೊಡುತ್ತದೆ. 247 ನ್ಯೂಟನ್ ಮೀಟರಿನ ಎಂಜಿನ್ ಕೂರಿಸಿದರೆ ಚಕ್ರದ ಬಳಿ ಬಲ 12,000 ದಾಟುತ್ತದೆ, ಆದರೆ ನೆಲಕ್ಕೆ ಮುಟ್ಟುವುದು ಮೊದಲಿನಷ್ಟೇ. ಕೆಸರಿನಲ್ಲಿ ಹೂತ ಜೀಪಿಗೆ ಬೇಕಾದದ್ದು ಒಳ್ಳೆಯ ಟೈರು, ಅನುಭವದ ಕಾಲು.

ಹಾಗಾದರೆ ಮಿಕ್ಕ ಬಲ ಎಲ್ಲಿ ಹೋಗುತ್ತದೆ? ಟೈರು ಜಾರುತ್ತಿರುವಷ್ಟು ಹೊತ್ತು ಅಪಾಯವಿಲ್ಲ. ಅದು ಮನೆಯ ಮೀಟರ್ ಬೋರ್ಡಿನ ಫ್ಯೂಸ್ ಇದ್ದ ಹಾಗೆ, ಮೊದಲು ಸೋತು ಉಳಿದವನ್ನು ಕಾಯುತ್ತದೆ. ಗಿರಗಿರನೆ ತಿರುಗುತ್ತಿದ್ದ ಚಕ್ರಕ್ಕೆ ತಟ್ಟನೆ ಕಲ್ಲೋ ಬೇರೋ ಸಿಕ್ಕಿ ಹಿಡಿತ ಬಂತೆಂದರೆ ಆ ಏಟು ಕ್ರಾಸ್, ಆಕ್ಸಲ್ ಶಾಫ್ಟ್, ಕ್ರೌನ್ ಪಿನಿಯನ್‌ಗಳ ಮೇಲೆ ಬೀಳುತ್ತದೆ. ಇವೆಲ್ಲ ಹಳೆ ಎಂಜಿನ್ನಿನ ಬಲಕ್ಕೆ ತಕ್ಕಂತೆ ಮಾಡಿದವು. ಅಗಲ ಟೈರು ಹಾಕಿದ್ದರಂತೂ ಹಿಡಿತ ಹೆಚ್ಚಿ, ಫ್ಯೂಸನ್ನೇ ದಪ್ಪ ತಂತಿಯಿಂದ ಕಟ್ಟಿದಂತಾಗುತ್ತದೆ. ಎಂಜಿನ್ ಬದಲಿಸಿದ ಮೇಲೆ ಶಾಫ್ಟ್ ಮುರಿಯತೊಡಗಿತು ಎಂಬ ದೂರಿನ ಮೂಲ ಇದು. ಮುರಿದ ಭಾಗದಲ್ಲಿ ದೋಷವಿರುವುದಿಲ್ಲ, ಅದಕ್ಕೆ ಒಗ್ಗದ ಕೆಲಸ ಕೊಟ್ಟಿರುತ್ತೇವೆ.

ಹೊಸ ಎಂಜಿನ್ನಿನ ನಿಜವಾದ ಲಾಭ ಬೇರೆ ಕಡೆಯಿದೆ. ಹತ್ತುವ ಏರನ್ನೇ ಒಂದು ಗೇರ್ ಮೇಲಿಟ್ಟು, ಬೇಗ, ಆಯಾಸವಿಲ್ಲದೆ ಹತ್ತಬಹುದು. ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಹಿಂದೆ ಸಾಲುಗಟ್ಟಿದ ಕಾರುಗಳ ಹಾರನ್ ಕೇಳಬೇಕಿಲ್ಲ. ಹೆದ್ದಾರಿಯಲ್ಲಿ ಬಸ್ಸನ್ನು ಹಿಂದಿಕ್ಕಬಹುದು. ಈ ಲಾಭಗಳೆಲ್ಲ ವೇಗದ ಬಾಬ್ತಿನವು.

ಕೂರಿಸುವ ಕಷ್ಟ

ಇನ್ನು ಜಾಗದ ಪ್ರಶ್ನೆ. ಬಾನೆಟ್ ತೆರೆದು ಉದ್ದಗಲ ಅಳೆದರೆ ಸಾಲದು. ಜೀಪಿನ ಮುಂಭಾಗದಲ್ಲಿ ಆಕ್ಸಲ್ ಇದೆ, ಅದರ ಗುಂಡು ಡಿಫರೆನ್ಷಿಯಲ್ ಒಂದು ಪಕ್ಕಕ್ಕಿದೆ. ಎಂಜಿನ್ನಿನ ಕೆಳಗೆ ತೂಗುವ ಆಯಿಲ್ ಸಂಪ್ ಅಲ್ಲಿಗೇ ಬಂದರೆ, ದೊಡ್ಡ ಗುಂಡಿಯೊಂದರಲ್ಲಿ ಪ್ಲೇಟು ಪೂರ್ತಿ ಕುಗ್ಗಿದಾಗ ಆಕ್ಸಲ್ ಮೇಲೆದ್ದು ಸಂಪಿಗೆ ಬಡಿಯುತ್ತದೆ. ನಿಂತ ಗಾಡಿಯಲ್ಲಿ ಎರಡು ಇಂಚು ಅಂತರ ಕಂಡದ್ದು ಓಡುವ ಗಾಡಿಯಲ್ಲಿ ಇಲ್ಲವಾಗುತ್ತದೆ. ಟರ್ಬೊ ಇರುವ ಪಕ್ಕದಲ್ಲೇ ಸ್ಟೀರಿಂಗ್ ಶಾಫ್ಟ್ ಹಾದುಹೋದರೆ ಅದು ಇನ್ನೊಂದು ತಕರಾರು.

ಅದರ ಹಿಂದೆ ಗೇರ್‌ಬಾಕ್ಸ್. ಹಳೆ ಗೇರ್‌ಬಾಕ್ಸ್ ಉಳಿಸಿಕೊಳ್ಳಬೇಕಾದರೆ ಎಂಜಿನ್ನಿಗೂ ಅದಕ್ಕೂ ನಡುವೆ ಲೇತ್‌ನಲ್ಲಿ ಕಡೆದ ಅಡಾಪ್ಟರ್ ಪ್ಲೇಟ್ ಬೇಕು. ಎರಡೂ ಶಾಫ್ಟುಗಳು ಒಂದೇ ಗೆರೆಯಲ್ಲಿ ಕೂತಿರಬೇಕು. ಕೂದಲೆಳೆಯಷ್ಟು ತಪ್ಪಿದರೂ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ತಿಂಗಳುಗಳಲ್ಲಿ ಸದ್ದು ಮಾಡುತ್ತದೆ, ಕ್ಲಚ್ ನಡುಗುತ್ತದೆ. ಕೂತರೂ ಆ ಗೇರ್‌ಬಾಕ್ಸ್ ಎರಡು ಪಟ್ಟು ಟಾರ್ಕ್ ತಾಳಬೇಕು. ಹೊಸ ಎಂಜಿನ್ನಿನ ಜೊತೆ ಬಂದ ಗೇರ್‌ಬಾಕ್ಸನ್ನೇ ಹಾಕುತ್ತೇವೆಂದರೆ ಬೇರೆ ತೊಡಕು. ಹಳೆ ಜೀಪಿನ ಟ್ರಾನ್ಸ್‌ಫರ್ ಕೇಸಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟ್ ಗಾಡಿಯ ನಟ್ಟನಡುವೆ ಇಲ್ಲ, ಪಕ್ಕಕ್ಕಿದೆ. ಆಕ್ಸಲ್ಲುಗಳನ್ನೂ ಅದಕ್ಕೆ ತಕ್ಕಂತೆಯೇ ಮಾಡಿದ್ದಾರೆ. ನಡುವಿನಿಂದ ಬಲ ಹೊರಡಿಸುವ ಗೇರ್‌ಬಾಕ್ಸ್ ತಂದರೆ ಆಕ್ಸಲ್ಲುಗಳ ತನಕ ಕೈ ಹಾಕಬೇಕಾಗುತ್ತದೆ. ಟೂ ವೀಲ್ ಗಾಡಿಯ ಎಂಜಿನ್ ಗೇರ್‌ಬಾಕ್ಸ್ ಒಟ್ಟಿಗೆ ಅಗ್ಗಕ್ಕೆ ಸಿಕ್ಕಿತೆಂದು ತಂದು, ಕೊನೆಗೆ ಫೋರ್ ವೀಲನ್ನೇ ಕಳಚಿಟ್ಟ ಜೀಪುಗಳೂ ಇವೆ. ಜೀಪಿನ ಜೀಪುತನವನ್ನೇ ತೆಗೆದಂತಾಯಿತು.

ಅನುಪಾತದ ಲೆಕ್ಕವನ್ನೂ ಮಾಡಬೇಕು. 16 ಇಂಚಿನ ರಿಮ್ಮಿನ ಹಳೆ ಅಳತೆಯ ಟೈರಿನ ಎತ್ತರ ಸುಮಾರು 72 ಸೆಂಟಿಮೀಟರ್. ಗಂಟೆಗೆ 80 ಕಿಲೊಮೀಟರ್ ವೇಗದಲ್ಲಿ ಚಕ್ರ ನಿಮಿಷಕ್ಕೆ 590 ಸಲ ಸುತ್ತುತ್ತದೆ. 5.38ರ ಕ್ರೌನ್ ಪಿನಿಯನ್ ಇದ್ದರೆ ಟಾಪ್ ಗೇರಿನಲ್ಲಿ ಎಂಜಿನ್ ಸುತ್ತು 3,170. ಸಿಆರ್‌ಡಿಇ ಎಂಜಿನ್ ತನ್ನ ಗರಿಷ್ಠ ಟಾರ್ಕ್ ಕೊಡುವುದು 2,000 ಸುತ್ತಿನ ಆಸುಪಾಸಿನಲ್ಲಿ, ಗರಿಷ್ಠ ಶಕ್ತಿ 3,800ರಲ್ಲಿ. ಹಳೆ ಗೇರ್‌ಬಾಕ್ಸ್ ಉಳಿಸಿಕೊಂಡರೆ ಹೊಸ ಎಂಜಿನ್ ಹೆದ್ದಾರಿಯಲ್ಲಿ ಸದಾ ಅರಚಿಕೊಂಡೇ ಓಡುತ್ತದೆ, ಬಯಸಿದ ಮೈಲೇಜ್ ಸಿಗುವುದಿಲ್ಲ. 0.8 ಅನುಪಾತದ ಐದನೇ ಗೇರ್ ಇದ್ದರೆ ಅದೇ ವೇಗಕ್ಕೆ 2,540 ಸುತ್ತು ಸಾಕು. ಎಂಜಿನ್ ಬದಲಿಸಿ ಗೇರ್ ಬದಲಿಸದಿದ್ದರೆ ಹಾಕಿದ ದುಡ್ಡಿನ ಒಂದು ಪಾಲು ಗಾಳಿಗೆ ಹೋದಂತೆ.

ಶಾಖ, ತಂತಿ, ನೀರು

ಉರಿಸಿದ ಡೀಸೆಲ್ಲಿನ ಶಾಖದಲ್ಲಿ ದುಡಿಮೆಯಾಗಿ ಸಿಗುವುದು ಮೂರರಲ್ಲೊಂದು ಪಾಲು, ಹೆಚ್ಚೆಂದರೆ ತುಸು ಮೇಲೆ. ಉಳಿದದ್ದು ಸೈಲೆನ್ಸರ್ ಮತ್ತು ರೇಡಿಯೇಟರ್ ಮೂಲಕ ಹೊರಗೆ ಹೋಗಬೇಕು. ಶಕ್ತಿ ಹೆಚ್ಚಿದಂತೆ ಹೊರಗೆ ಹಾಕಬೇಕಾದ ಶಾಖವೂ ಹೆಚ್ಚುತ್ತದೆ. ಟರ್ಬೊ ಒತ್ತಿದ ಬಿಸಿಗಾಳಿಯನ್ನು ತಣಿಸಲು ಇಂಟರ್‌ಕೂಲರ್ ಬೇಕು. ಹಳೆ ಜೀಪಿನ ಕಿರಿದಾದ ಮುಂಭಾಗದಲ್ಲಿ ಅದನ್ನು ರೇಡಿಯೇಟರಿನ ಮುಂದಿಟ್ಟರೆ ರೇಡಿಯೇಟರಿಗೆ ಬರುವ ಗಾಳಿಗೇ ಅಡ್ಡ. ಈ ತೊಂದರೆ ಗ್ಯಾರೇಜಿನಿಂದ ಮನೆಗೆ ಬರುವಾಗ ಕಾಣುವುದಿಲ್ಲ. ಬೇಸಿಗೆಯಲ್ಲಿ ಭಾರ ಹೇರಿಕೊಂಡು ನಿಧಾನಗತಿಯಲ್ಲಿ ಏರು ಹತ್ತುವಾಗ, ಎದುರುಗಾಳಿ ಇಲ್ಲದ ಹೊತ್ತಿನಲ್ಲಿ, ಉಷ್ಣದ ಮುಳ್ಳು ಕೆಂಪಿಗೆ ಏರುತ್ತದೆ. ಒಮ್ಮೆ ಹೆಡ್ ಸೊಟ್ಟಾದರೆ ಉಳಿತಾಯದ ಲೆಕ್ಕವೆಲ್ಲ ತಲೆಕೆಳಗು.

ಎಲ್ಲಕ್ಕಿಂತ ಹೆಚ್ಚು ತಲೆ ತಿನ್ನುವುದು ವೈರಿಂಗ್. ಇಸಿಯುಗೆ ಹತ್ತಾರು ಕಡೆಯಿಂದ ಸುದ್ದಿ ಬರಬೇಕು: ಕ್ರ್ಯಾಂಕ್ ಎಲ್ಲಿದೆ, ರೇಲಿನ ಒತ್ತಡ ಎಷ್ಟು, ನೀರಿನ ಬಿಸಿ ಎಷ್ಟು, ಆಕ್ಸಿಲರೇಟರ್ ಎಷ್ಟು ಒತ್ತಿದೆ. ಒಂದು ಸೆನ್ಸರ್ ಸುಮ್ಮನಾದರೂ ಎಂಜಿನ್ ಅರೆಶಕ್ತಿಗೆ ಇಳಿಯುತ್ತದೆ, ಇಲ್ಲವೇ ನಿಂತೇಬಿಡುತ್ತದೆ. ಕಳ್ಳತನ ತಡೆಯಲು ಹಲವು ಗಾಡಿಗಳಲ್ಲಿ ಇಸಿಯು ತನ್ನ ಕೀಲಿಯನ್ನು ಗುರುತಿಸಿದರೆ ಮಾತ್ರ ಚಾಲೂ ಆಗುತ್ತದೆ. ಗುಜರಿಯಲ್ಲಿ ಎಂಜಿನ್ ಕೊಂಡು ಅದರ ಇಸಿಯು, ಕೀಲಿ, ಆಕ್ಸಿಲರೇಟರ್ ಪೆಡಲ್, ಕತ್ತರಿಸದ ವೈರಿಂಗ್ ಕಟ್ಟು ಬಿಟ್ಟು ಬಂದವರು ಕೊಂಡದ್ದು ಅರ್ಧ ಎಂಜಿನ್ ಮಾತ್ರ.

ಅಮೆರಿಕದ ಕಮಿನ್ಸ್ ಕಂಪನಿ ಇದೇ ಕೊರತೆಯನ್ನು ಮನಗಂಡು 2017ರ ಹೊತ್ತಿಗೆ ಆರ್ 2.8 ಎಂಬ ನಾಲ್ಕು ಸಿಲಿಂಡರಿನ ಟರ್ಬೊ ಡೀಸೆಲ್ಲನ್ನು ಹಳೆ ಫೋರ್ ಬೈ ಫೋರ್‌ಗಳಿಗೆಂದೇ ಮಾರಾಟಕ್ಕೆ ತಂದಿತು. ಹಳೆ ಲ್ಯಾಂಡ್ ಕ್ರೂಸರ್, ಲ್ಯಾಂಡ್ ರೋವರ್, ಜೀಪುಗಳ ಮಾಲೀಕರು ಅದನ್ನು ಕೊಂಡರು. ಎಂಜಿನ್ನಿನ ಜೊತೆ ಅದಕ್ಕೆ ಹೊಂದುವ ಕಂಪ್ಯೂಟರ್, ವೈರಿಂಗ್, ಪೆಡಲ್ ಒಟ್ಟಿಗೆ ಬರುತ್ತಿದ್ದದ್ದೇ ಅದರ ಹೆಚ್ಚುಗಾರಿಕೆ. ಗೇರ್‌ಬಾಕ್ಸಿಗೆ ಜೋಡಿಸುವ ಭಾಗಗಳನ್ನು ಬೇರೆ ತಯಾರಕರು ಮಾಡಿಕೊಟ್ಟರು. ಅಷ್ಟಾದರೂ ಕೂಲಿಂಗ್, ಮೌಂಟಿಂಗ್, ಎಕ್ಸಾಸ್ಟ್ ಕೆಲಸ ಮಾಲೀಕರದ್ದೇ. ಸಿದ್ಧ ಕಿಟ್ಟಿಗೇ ಇಷ್ಟು ಕೆಲಸವಿದ್ದರೆ ಗುಜರಿಯ ಎಂಜಿನ್ನಿಗೆ ಎಷ್ಟಿರಬಹುದು ಎಂದು ಯೋಚಿಸಬೇಕು.

ಮಲೆನಾಡಿಗೆ ವಿಶೇಷವಾದ ಇನ್ನೊಂದು ಮಾತಿದೆ. ಹಲವು ತೋಟಗಳಲ್ಲಿ ಡೀಸೆಲನ್ನು ಬ್ಯಾರಲ್ಲಿನಲ್ಲಿ ತುಂಬಿಡುತ್ತಾರೆ. ಮಳೆಗಾಲದ ತೇವಕ್ಕೆ ಅದರ ತಳದಲ್ಲಿ ನೀರು ಸೇರುತ್ತದೆ. ಹಳೆ ಪಂಪ್ ಇದನ್ನು ಒಂದಷ್ಟು ಸಹಿಸುತ್ತಿತ್ತು. ಕೆಟ್ಟರೂ ಪೇಟೆಯ ಪಂಪ್ ನಾಜಲ್ ಅಂಗಡಿಯಲ್ಲಿ ಸರಿಯಾಗುತ್ತಿತ್ತು. ಕಾಮನ್ ರೇಲ್ ಇಂಜೆಕ್ಟರಿನ ಒಳಗಿನ ಸಂದುಗಳು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಅಳತೆಯವು. ನೀರು, ದೂಳು ಅದಕ್ಕೆ ವಿಷ. ಹಳ್ಳ ದಾಟುವ ಗಾಡಿಯಲ್ಲಿ ಇಸಿಯು ಎಲ್ಲಿ ಕೂರಬೇಕೆಂಬುದೂ ಯೋಚಿಸಬೇಕಾದ ಸಂಗತಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಎಂಜಿನ್ನುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಕೂಡ ಇರುತ್ತದೆ. ಆ ಮಸಿ ಸುಟ್ಟುಹೋಗಲು ಗಾಡಿ ಒಂದಷ್ಟು ಹೊತ್ತು ಎಡೆಬಿಡದೆ ವೇಗವಾಗಿ ಓಡಬೇಕು. ದಿನವಿಡೀ ತೋಟದೊಳಗೆ ಒಂದನೇ ಎರಡನೇ ಗೇರಿನಲ್ಲಿ ತೆವಳುವ ಜೀಪಿಗೆ ಅದು ಒಗ್ಗದ ಬಾಳು.

ನಿಲ್ಲಿಸುವುದು ಹೇಗೆ?

ಓಡುವ ಗಾಡಿಯ ಚಲನಶಕ್ತಿ ವೇಗದ ವರ್ಗದಂತೆ ಏರುತ್ತದೆ. 60 ಕಿಲೊಮೀಟರ್ ವೇಗದ ಜೀಪು 90ಕ್ಕೆ ಏರಿದರೆ ಹೆಚ್ಚಿದ್ದು ಒಂದೂವರೆ ಪಟ್ಟು ಎಂದು ಕಾಣುತ್ತದೆ. ಬ್ರೇಕ್ ನುಂಗಬೇಕಾದ ಶಕ್ತಿ ಹೆಚ್ಚಿದ್ದು ಎರಡೂಕಾಲು ಪಟ್ಟು. ಹಳೆ ಜೀಪಿನಲ್ಲಿರುವುದು ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಹಲವುಗಳಲ್ಲಿ ಬೂಸ್ಟರ್ ಕೂಡ ಇಲ್ಲ. ಘಾಟಿಯ ಉದ್ದ ಇಳಿಜಾರಿನಲ್ಲಿ ಡ್ರಮ್ ಕಾದರೆ ಪೆಡಲ್ ಎಷ್ಟು ತುಳಿದರೂ ಹಿಡಿತ ಕಡಿಮೆಯಾಗುತ್ತ ಹೋಗುತ್ತದೆ. ನೀರು ಹೊಕ್ಕರೆ ಒಂದು ಪಕ್ಕಕ್ಕೆ ಎಳೆಯುತ್ತದೆ. ಸ್ಟೀರಿಂಗ್ ಬಾಕ್ಸಿನ ಸಡಿಲ 40ರ ವೇಗದಲ್ಲಿ ಅಭ್ಯಾಸವಾಗಿರುತ್ತದೆ, 90ರಲ್ಲಿ ಅದೇ ಸಡಿಲ ಇನ್ನೊಂದು ಲೇನಿಗೆ ಕೊಂಡೊಯ್ಯಬಹುದು.

ಬೂಸ್ಟರ್ ಹಾಕಿಸುವಾಗಲೂ ಒಂದು ಸೂಕ್ಷ್ಮ ಇದೆ. ಪೆಟ್ರೋಲ್ ಎಂಜಿನ್ನಿನ ಒಳಹರಿವಿನಲ್ಲಿ ಹುಟ್ಟುವ ನಿರ್ವಾತವೇ ಬೂಸ್ಟರನ್ನು ನಡೆಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಅಷ್ಟು ನಿರ್ವಾತ ಹುಟ್ಟುವುದಿಲ್ಲ, ಅದಕ್ಕೆ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಬೇಕು. ಎಂಜಿನ್ ಜೊತೆಗೆ ಆ ಪಂಪೂ ಬಂದಿದೆಯೇ, ಕೆಲಸ ಮಾಡುತ್ತಿದೆಯೇ ಎಂದು ಮೊದಲ ದಿನವೇ ನೋಡಿಕೊಳ್ಳಬೇಕು. ಮುಂದಿನ ಚಕ್ರಕ್ಕೆ ಡಿಸ್ಕ್, ಸುಸ್ಥಿತಿಯ ಬೂಸ್ಟರ್, ಬಿಗಿಯಾದ ಸ್ಟೀರಿಂಗ್, ಇವು ಮುಗಿದ ಮೇಲೆ ಹೊಸ ಎಂಜಿನ್ ಸ್ಟಾರ್ಟ್ ಮಾಡಬೇಕು. 'ಮೊದಲು ಎಂಜಿನ್ ಕೂರಲಿ, ಬ್ರೇಕ್ ಆಮೇಲೆ ನೋಡೋಣ' ಎಂದ ಯೋಜನೆಗಳಲ್ಲಿ ದುಡ್ಡು ಮುಗಿಯುವುದು ಆ 'ಆಮೇಲೆ' ಬರುವ ಮೊದಲೇ.

ಆರ್‌ಸಿ ಏನು ಹೇಳುತ್ತದೆ?

ಗ್ಯಾರೇಜಿನಲ್ಲಿ ಯಾರೂ ಎತ್ತದ ವಿಷಯ ಕಾಗದದ್ದು. ಆರ್‌ಸಿಯಲ್ಲಿ ಚಾಸಿ ನಂಬರಿನ ಜೊತೆ ಎಂಜಿನ್ ನಂಬರೂ ಇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೊದಲು ನಮೂದಿಸಿದ ವಿವರಗಳಿಗೂ ಆರ್‌ಸಿಯ ವಿವರಗಳಿಗೂ ವ್ಯತ್ಯಾಸ ಬರುವ ಹಾಗೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಬಂತು.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ ಪರಿವರ್ತಿಸುವ ಅನುಮೋದಿತ ಕಿಟ್‌ಗಳಿಗೆ ಇದೇ ಕಲಮು ದಾರಿ ಬಿಟ್ಟಿದೆ. ಕೆಟ್ಟ ಎಂಜಿನ್ ತೆಗೆದು ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ ಹಾಕುವುದು ಆರ್‌ಟಿಒ ಒಪ್ಪಿಗೆಯೊಂದಿಗೆ ದಾಖಲಾಗಬಲ್ಲ ಕೆಲಸ. ಬೇರೆ ಜಾತಿಯ, ಎರಡು ಪಟ್ಟು ಶಕ್ತಿಯ ಎಂಜಿನ್ ಕೂರಿಸಿ ಆಮೇಲೆ ಅರ್ಜಿ ಹಿಡಿದು ಹೋದರೆ ಬರುವ ಉತ್ತರ ಬೇರೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿದು, ಬಳಿಕ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಹಳೆ ಜೀಪುಗಳೆಲ್ಲ ಈ ಸಾಲಿನಲ್ಲೇ ಇವೆ. ಪರಿಶೀಲನೆಗೆ ನಿಲ್ಲಿಸಿದಾಗ ಎಂಜಿನ್ ನಂಬರ್ ತಾಳೆಯಾಗದಿದ್ದರೆ ಅಲ್ಲಿಗೆ ಸಿಕ್ಕಿಹಾಕಿಕೊಂಡಂತೆ. ಅಪಘಾತವಾದಾಗ ವಿಮೆ ಕಂಪನಿ ಮೊದಲು ನೋಡುವುದೂ ಅದನ್ನೇ. ಗುಜರಿಯ ಎಂಜಿನ್ನಿಗೆ ಬಿಲ್ ಇಲ್ಲದಿದ್ದರೆ ಅದು ಕದ್ದ ಗಾಡಿಯದ್ದಲ್ಲ ಎಂದು ತೋರಿಸುವ ಹೊಣೆಯೂ ಕೊಂಡವರ ತಲೆಗೇ ಬರುತ್ತದೆ.

50 ವರ್ಷ ದಾಟಿದ ಜೀಪು ಇರುವವರು ಇನ್ನೊಂದು ನಿಯಮವನ್ನು ತಿಳಿದಿರಬೇಕು. 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮದಡಿ 10 ವರ್ಷದ ನೋಂದಣಿ ಸಿಗುತ್ತದೆ, ಶುಲ್ಕ 20,000 ರೂಪಾಯಿ. ಆದರೆ ಗಾಡಿ ಮೂಲರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡ ಮಟ್ಟಿಗೆ ಬದಲಾಗಿದ್ದರೆ ಆ ಗೌರವವಿಲ್ಲ. ಒಳ್ಳೆಯ ಸಿಜೆ 3ಬಿಯಿಂದ ಹರಿಕೇನ್ ಎಂಜಿನ್ ಕಿತ್ತು ಗುಜರಿಗೆ ಹಾಕುವವರು ತಾವು ಎಷ್ಟು ಬೆಲೆಯದನ್ನು ಕಳೆದುಕೊಳ್ಳುತ್ತಿದ್ದೇವೆಂದು ಎರಡು ಸಲ ಯೋಚಿಸಲಿ.

ಯಾರಿಗೆ ಯಾವುದು?

ಒಂದು ಕಾಲದಲ್ಲಿ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವುದಕ್ಕೆ ಸರಳ ಕಾರಣವಿತ್ತು. ಡೀಸೆಲ್ ಬಹಳ ಅಗ್ಗವಿತ್ತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರಿ ಹಿಡಿತ ಸಡಿಲಗೊಂಡ ಮೇಲೆ ಆ ಅಂತರ ಸಣ್ಣದಾಗಿದೆ. ತೋಟದೊಳಗೆ ದಿನಕ್ಕೆ ಹತ್ತಿಪ್ಪತ್ತು ಕಿಲೊಮೀಟರ್ ಓಡುವ ಜೀಪು ಇಂಧನದ ಉಳಿತಾಯದಿಂದ ಹೊಸ ಎಂಜಿನ್ನಿನ ಖರ್ಚು ತೀರಿಸುವುದು ಅಸಾಧ್ಯ.

ಇಂಥ ದುಡಿಯುವ ಜೀಪಿಗೆ ಹಳೆ ಎಂಜಿನ್ನಿನ ಕೆಲಸ ಮಾಡಿಸುವುದೇ ಸರಿ. ಅದಕ್ಕೂ ಮೊದಲು ರೋಗ ಯಾವುದೆಂದು ನೋಡಬೇಕು. ಕಂಪ್ರೆಷನ್ ಅಳೆಸಿ, ಪಂಪ್ ಮತ್ತು ನಾಜಲ್ ಪರೀಕ್ಷೆ ಮಾಡಿಸಿ, ಏರ್ ಫಿಲ್ಟರ್ ಕಟ್ಟಿದೆಯೇ, ಕ್ಲಚ್ ಜಾರುತ್ತಿದೆಯೇ ನೋಡಿ. ಅಂದಕ್ಕೆಂದು ಮೂವತ್ತೊಂದು ಇಂಚಿನ ಟೈರು ಹಾಕಿಸಿ, ಆಮೇಲೆ ಎಂಜಿನ್ ಎಳೆಯುವುದಿಲ್ಲ ಎನ್ನುವವರೂ ಇದ್ದಾರೆ. ಟೈರಿನ ಎತ್ತರ ಹತ್ತರಲ್ಲೊಂದು ಪಾಲು ಹೆಚ್ಚಿದರೆ ಎಳೆತ ಹೆಚ್ಚುಕಡಿಮೆ ಅಷ್ಟೇ ಪಾಲು ಇಳಿಯುತ್ತದೆ. ಅಲ್ಲಿ ಬದಲಿಸಬೇಕಾದ್ದು ಟೈರು.

ಹೆದ್ದಾರಿಯಲ್ಲೂ ಓಡಿಸಬೇಕು, ಹವ್ಯಾಸವೂ ಹೌದು, ಖರ್ಚಿಗೂ ಸಿದ್ಧ ಎನ್ನುವವರ ಲೆಕ್ಕ ಬೇರೆ. ಅಂಥವರು ಎಂಜಿನ್ನಿನ ಬೆಲೆಯನ್ನು ಒಟ್ಟು ಖರ್ಚಿನ ಒಂದು ಸಣ್ಣ ಪಾಲೆಂದೇ ತಿಳಿದು ಹೊರಡಬೇಕು. ಅತಿ ಬಲದ ಎಂಜಿನ್ನಿಗಿಂತ, ಗೇರ್‌ಬಾಕ್ಸು ಆಕ್ಸಲ್ಲು ತಾಳುವಷ್ಟು ಬಲದ, ಅದೇ ತಯಾರಕರ ಎಂಜಿನ್ ಜಾಣತನದ ಆಯ್ಕೆ. ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆದ ಮೇಲೆ ಹಳೆ ಎಂಜಿನ್ನಿನ ನಟ್ಟು ಸಡಿಲಿಸಬೇಕು.

ಬಾಡಿಗೆಗೆ ಜನರನ್ನು ಹತ್ತಿಸುವ ಜೀಪುಗಳ ವಿಷಯದಲ್ಲಿ ಮಾತ್ರ ರಾಜಿ ಇರಬಾರದು. ತನ್ನ ಗಾಡಿಯಲ್ಲಿ ತಾನು ಕೂತು ಅಪಾಯ ಮೈಮೇಲೆ ಎಳೆದುಕೊಳ್ಳುವುದು ಒಂದು, ಟಿಕೆಟ್ ಕೊಟ್ಟು ಹತ್ತಿದ ಎಂಟು ಮಂದಿಯನ್ನು ಅದರಲ್ಲಿ ಕೂರಿಸುವುದು ಇನ್ನೊಂದು. ಅನುಮತಿಯಿಲ್ಲದ ಎಂಜಿನ್, ಬದಲಾಗದ ಬ್ರೇಕ್ ಇರುವ ಜೀಪು ಪ್ರವಾಸಿ ತಾಣದ ಕಡಿದಾದ ದಾರಿಯಲ್ಲಿ ಓಡಬಾರದು. ಅದನ್ನು ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಕೊಡುವ ಹೊತ್ತಿನಲ್ಲೇ ತಡೆಯುವುದು ಸಾರಿಗೆ ಇಲಾಖೆಯ ಕೆಲಸ.

ಇಲಾಖೆ ಮಾಡಬೇಕಾದ ಇನ್ನೊಂದು ಕೆಲಸವೂ ಇದೆ. ನಿಷೇಧ ಒಂದೇ ಇದ್ದರೆ ಎಂಜಿನ್ ಬದಲಾವಣೆ ನಿಲ್ಲುವುದಿಲ್ಲ, ಕದ್ದುಮುಚ್ಚಿ ನಡೆಯುತ್ತದೆ. ಕದ್ದು ಮಾಡಿದ ಕೆಲಸವನ್ನು ಯಾರೂ ಪರೀಕ್ಷಿಸುವುದಿಲ್ಲ. ಬ್ಯಾಟರಿ, ಸಿಎನ್‌ಜಿ ಕಿಟ್‌ಗಳನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆಗಳು ಪರೀಕ್ಷಿಸಿ ಒಪ್ಪುವ ಹಾಗೆ, ನಮ್ಮಲ್ಲಿ ಸಾವಿರಗಟ್ಟಲೆ ಉಳಿದಿರುವ ಒಂದೆರಡು ಮಾದರಿಯ ಜೀಪುಗಳಿಗಾದರೂ ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಮೂರೂ ಸೇರಿದ ಪರೀಕ್ಷಿತ ಕಿಟ್ ಬರಬೇಕು. ತಯಾರಕರು ಮುಂದೆ ಬಂದರೆ ಅದು ಆಗದ ಮಾತಲ್ಲ. ಬ್ರೇಕ್ ಇಲ್ಲದ ಕಿಟ್ಟಿಗೆ ಒಪ್ಪಿಗೆ ಕೊಡುವುದಿಲ್ಲ ಎಂಬ ಒಂದೇ ಷರತ್ತು ಹಾಕಿದರೂ, ಇವತ್ತು ಗ್ಯಾರೇಜುಗಳಲ್ಲಿ ಬಿಟ್ಟುಹೋಗುತ್ತಿರುವ ಅರ್ಧ ಕೆಲಸ ತಾನಾಗಿ ಪೂರ್ತಿಯಾಗುತ್ತದೆ.